ಮಣ್ಣಿನ ಟ್ರ್ಯಾಕು, ಇಪ್ಪತ್ತು ಡಾಲರ್ ಟಿಕೆಟ್ಟು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ವಿಲಿಯಮ್ಸ್ ಗ್ರೋವ್ ಸ್ಪೀಡ್‌ವೇ ಅನ್ನುವ ಮಣ್ಣಿನ ಕಾರ್ ರೇಸ್ ಟ್ರ್ಯಾಕಿಗೆ ಒಂದು ಸಲ ಹೋಗಿ ಬನ್ನಿ. ಅದೂ ದೊಡ್ಡ ಸ್ಪೆಷಲ್ ರೇಸ್ ಇರುವ ದಿನ ಬೇಡ, ಏನೂ ವಿಶೇಷ ಇಲ್ಲದ ಮಾಮೂಲಿ ಶುಕ್ರವಾರ ಹೋಗಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಮಾಮೂಲಿ ದಿನವೇ ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್, ಮೆಕ್ಯಾನಿಕ್ಸ್‌ಬರ್ಗ್ ಕಡೆ ನಮ್ಮ ಜನ ಬೇಕಾದಷ್ಟಿದ್ದಾರೆ. ಬೇಸಿಗೆಯ ಶುಕ್ರವಾರ ರಾತ್ರಿ ಊರಾಚೆಯಿಂದ ತೇಲಿ ಬರುವ ಸದ್ದನ್ನು ಹೆದ್ದಾರಿಯ ಲಾರಿಗಳದ್ದು ಅಂದುಕೊಂಡು ವರ್ಷಗಟ್ಟಲೆ ಇಲ್ಲಿ ಬಾಳಿದವರನ್ನು ನಾನು ಬಲ್ಲೆ. ಅದು ಹೆದ್ದಾರಿಯ ಸದ್ದಲ್ಲ, ಈ ಟ್ರ್ಯಾಕಿನದ್ದು. 1939ರಿಂದ ಅಲ್ಲಿ ಕಾರು ಓಡಿಸುತ್ತಿದ್ದಾರೆ. ಪಕ್ಕದಲ್ಲೇ ಇದ್ದ ಅಮ್ಯೂಸ್‌ಮೆಂಟ್ ಪಾರ್ಕು 2005ರ ಸೀಸನ್ ಮುಗಿದ ಮೇಲೆ ಬಾಗಿಲು ಹಾಕಿತು. ಟ್ರ್ಯಾಕು ಮಾತ್ರ ನಡೆಯುತ್ತಲೇ ಇದೆ.

ನನ್ನದು ಲೆಕ್ಕಪತ್ರ ನೋಡುವ ಕೆಲಸ. ಯಾವ ಅಂಗಡಿಗೆ ಕಾಲಿಟ್ಟರೂ ಇವರಿಗೆ ಬಾಡಿಗೆ ಹೋಗಿ ಎಷ್ಟು ಉಳಿಯುತ್ತೆ ಅನ್ನುವ ಯೋಚನೆ ತಾನಾಗಿಯೇ ಬರುತ್ತದೆ. ನಮ್ಮೆಜಮಾನ್ರು ಫಾರ್ಮುಲಾ ಒನ್ ಭಕ್ತರು. ಭಾನುವಾರ ಬೆಳಿಗ್ಗೆ ಟಿವಿ ಅವರದ್ದೇ. "ಮಣ್ಣಲ್ಲಿ ಸುತ್ತೋದು ಒಂದು ರೇಸಾ?" ಅಂತ ನಕ್ಕವರು ಈಗ ನನಗಿಂತ ಮೊದಲು ಶೂ ಹಾಕಿಕೊಂಡು ನಿಲ್ಲುತ್ತಾರೆ. ಹಾಗಾಗಿ ಇಲ್ಲಿ ರೇಸಿನ ವಿಷಯವೂ ಇರುತ್ತದೆ, ದುಡ್ಡಿನ ವಿಷಯ ಇನ್ನೂ ಜಾಸ್ತಿ ಇರುತ್ತದೆ.

ಮೊದಲು ಕಾರುಗಳು. ಇವನ್ನು ಸ್ಪ್ರಿಂಟ್ ಕಾರ್ ಅನ್ನುತ್ತಾರೆ. 410 ಕ್ಯೂಬಿಕ್ ಇಂಚಿನ ಎಂಜಿನ್, ಸುಮಾರು 900 ಹಾರ್ಸ್‌ಪವರ್. ಡ್ರೈವರ್ ಕೂತ ಮೇಲೂ ಕಾರಿನ ತೂಕ 650 ಕಿಲೋ ಆಸುಪಾಸು, ಅಂದರೆ ನಮ್ಮ ಆಲ್ಟೊಗಿಂತ ಹಗುರ. ತಲೆ ಮೇಲೆ ಮಂಚದಷ್ಟಗಲದ ಒಂದು ತಗಡಿನ ರೆಕ್ಕೆ, ಮೂತಿಗೆ ಇನ್ನೊಂದು ಚಿಕ್ಕದು. ಪೆಟ್ರೋಲ್ ಇಲ್ಲ, ಮೆಥನಾಲ್ ಕುಡಿಯುತ್ತವೆ. ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ, ಗೇರ್‌ಬಾಕ್ಸೂ ಇಲ್ಲ. ಹಿಂದಿನಿಂದ ಒಂದು ಪಿಕಪ್ ಟ್ರಕ್ ಬಂದು ಬಂಪರ್ ತಾಗಿಸಿ ತಳ್ಳಬೇಕು. ಸ್ವಲ್ಪ ದೂರ ಸುಮ್ನೆ ಉರುಳಿಕೊಂಡು ಹೋಗುತ್ತದೆ, ಆಮೇಲೆ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಅಷ್ಟರಲ್ಲಿ ಎಂಜಿನ್ ಹಿಡಿದು ಇಡೀ ಮರದ ಬೆಂಚು ನಡುಗುತ್ತದೆ. ಇಪ್ಪತ್ತನಾಲ್ಕು ಕಾರು ಹೀಗೆ ಒಂದೊಂದಾಗಿ ಎದ್ದು ಬರುವುದನ್ನು ನೋಡುವುದೇ ಒಂದು ಆಟ.

ಟ್ರ್ಯಾಕಿನ ಸುತ್ತಳತೆ ಅರ್ಧ ಮೈಲಿ. ಒಂದು ಸುತ್ತಿಗೆ ಹದಿನೇಳು ಸೆಕೆಂಡೋ ಹದಿನೆಂಟೋ. ತಿರುವಿನಲ್ಲಿ ಕಾರಿನ ಮೂತಿ ಒಳಗಡೆ, ಬಾಲ ಗೋಡೆ ಕಡೆ, ಮುಂದಿನ ಚಕ್ರ ಎತ್ತಲೋ ತಿರುಗಿರುತ್ತದೆ. ಹತ್ತು ಸುತ್ತಿನ ಹೀಟ್‌ಗಳು, ಅಂದರೆ ಮೊದಲ ಸಣ್ಣ ರೇಸುಗಳು, ಮುಗಿದ ಮೇಲೆ ಕೊನೆಗೆ ಫೀಚರ್, ಅಂದರೆ ದಿನದ ಮುಖ್ಯ ರೇಸ್. ಏಳೂವರೆಗೆ ಶುರುವಾದರೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಮನೆ ದಾರಿ. ತಿರುವಿನ ಹತ್ತಿರ ಕೂತರೆ ಮಣ್ಣಿನ ಹೆಂಟೆ ಮೈಮೇಲೆ ಬೀಳುವುದು ಗ್ಯಾರಂಟಿ. ಕಣ್ಣಿಗೊಂದು ಅಗ್ಗದ ಗಾಗಲ್ಸ್ ಇರಲಿ. ಮಕ್ಕಳಿದ್ದರೆ ಕಿವಿ ಮುಚ್ಚುವ ಇಯರ್‌ಮಫ್ ಇಲ್ಲದೆ ಒಳಗೆ ಕರೆದುಕೊಂಡು ಹೋಗಬೇಡಿ. ಇದನ್ನು ಮಾತ್ರ ತಮಾಷೆಗೆ ಹೇಳುತ್ತಿಲ್ಲ.

ಈಗ ದುಡ್ಡು. ಮಾಮೂಲಿ ದಿನದ ಟಿಕೆಟ್ 20 ಡಾಲರ್ ಆಸುಪಾಸು. ಇಲ್ಲಿ ಎರಡು ಗೇಟ್ ಲೆಕ್ಕ ಇರುತ್ತದೆ. ನಾವು ಪ್ರೇಕ್ಷಕರು ಹೋಗುವುದು ಫ್ರಂಟ್ ಗೇಟ್. ಕಾರಿನವರು, ಮೆಕ್ಯಾನಿಕ್‌ಗಳು, ಅವರ ಅಪ್ಪ ಅಮ್ಮ ಹೆಂಡತಿ ಮಕ್ಕಳು, ಇವರೆಲ್ಲ ಪಿಟ್ (ಕಾರು ನಿಲ್ಲಿಸಿ ರಿಪೇರಿ ಮಾಡುವ ಜಾಗ) ಪಾಸ್ ಕೊಂಡು ಹೋಗುವುದು ಬ್ಯಾಕ್ ಗೇಟ್. ಹೌದು, ರೇಸ್ ಆಡುವವರೂ ಒಳಗೆ ಹೋಗಲು ದುಡ್ಡು ಕೊಡುತ್ತಾರೆ, ಅದೂ ನಮ್ಮ ಟಿಕೆಟ್ಟಿಗಿಂತ ಜಾಸ್ತಿ. ನನಗೆ ಇದು ಗೊತ್ತಾದಾಗ ವಿಚಿತ್ರ ಅನ್ನಿಸಿತ್ತು. ಮದುವೆಗೆ ಬಂದ ಓಲಗದವರ ಹತ್ತಿರ ಊಟದ ದುಡ್ಡು ಕೇಳುವವರು ಉಂಟಾ? ಆದರೆ ಆ ಬ್ಯಾಕ್ ಗೇಟಿನ ಹಣ ಇಲ್ಲದಿದ್ದರೆ ಬಹುಮಾನ ಕೊಡುವುದೇ ಕಷ್ಟವಾಗುವ ಟ್ರ್ಯಾಕುಗಳು ಅಮೆರಿಕದಲ್ಲಿ ಬಹಳ ಇವೆ.

ಒಂದು ಅಂದಾಜಿನ ಲೆಕ್ಕ ಹಾಕೋಣ. ಯಾವುದೋ ಒಂದು ಟ್ರ್ಯಾಕಿಗೆ ಸಾವಿರದ ಐನೂರು ಜನ ಬಂದರು, ತಲೆಗೆ ಇಪ್ಪತ್ತು ಡಾಲರ್ ಅಂತಿಟ್ಟುಕೊಳ್ಳಿ. ಮೂವತ್ತು ಸಾವಿರ ಡಾಲರ್ ಆಯಿತು. ಕೇಳೋಕೆ ದೊಡ್ಡ ಮೊತ್ತ. ಅದರಲ್ಲಿ ಗೆದ್ದವನಿಗೊಬ್ಬನಿಗೇ ಕೆಲವು ಸಾವಿರ ಹೋಗುತ್ತದೆ. ಕೊನೆಯ ಸ್ಥಾನದವನಿಗೂ ಏನಾದರೂ ಕೊಡಲೇಬೇಕು, ಇಲ್ಲದಿದ್ದರೆ ಮುಂದಿನ ವಾರ ಅವನು ಬರುವುದಿಲ್ಲ. ಅದೇ ರಾತ್ರಿ ಎರಡನೇ ದರ್ಜೆಯ ಕಾರುಗಳ ರೇಸೂ ಇರುತ್ತದೆ, ಅದಕ್ಕೂ ಬಹುಮಾನ. ಇನ್ಶೂರೆನ್ಸ್ ಇದೆ. ಆಂಬುಲೆನ್ಸ್, ಬೆಂಕಿ ಆರಿಸುವವರು, ಬಾವುಟದವನು, ಲ್ಯಾಪ್ ಎಣಿಸುವವರು, ತಳ್ಳುವ ಟ್ರಕ್ಕುಗಳು ಇವೆ. ಮಣ್ಣಿಗೆ ಮಧ್ಯಾಹ್ನದಿಂದ ನೀರು ಹಾಕಿ ಹದ ಮಾಡುವವನಿದ್ದಾನೆ. ದೀಪದ ಕರೆಂಟ್ ಬಿಲ್ಲಿದೆ. ಇದರಲ್ಲಿ ಮುಖ್ಯ ವಿಷಯ ಏನೆಂದರೆ, ಜನ ಐನೂರು ಬಂದರೂ ಆಂಬುಲೆನ್ಸ್ ಒಂದೇ ರೇಟು, ಮೂರು ಸಾವಿರ ಬಂದರೂ ಅದೇ ರೇಟು. ಖರ್ಚು ಕದಲುವುದಿಲ್ಲ. ಬರುವ ಜನ ಮಾತ್ರ ಹೆಚ್ಚು ಕಡಿಮೆ.

ಹಾಗಾದರೆ ಉಳಿಯುವುದು ಎಲ್ಲಿ? ತಿಂಡಿ ಕೌಂಟರಿನಲ್ಲಿ. ಆಲೂಗಡ್ಡೆ ಕತ್ತರಿಸಿ ಕರಿದು, ಮೇಲೆ ವಿನೆಗರ್ ಚಿಮುಕಿಸಿ ಕಾಗದದ ಲೋಟದಲ್ಲಿ ಕೊಡುತ್ತಾರಲ್ಲ, ಆ ಫ್ರೈಸಿನಲ್ಲಿ. ಮೂರು ಹೀಟ್ ಮುಗಿದಾಗ ಆ ಸಾಲು ನೋಡಬೇಕು. ಟಿಕೆಟ್ ಹಣ ಕಾರಿನವರಿಗೆ, ಫ್ರೈಸ್ ಹಣ ಟ್ರ್ಯಾಕಿಗೆ ಅಂತ ಒರಟಾಗಿ ಹೇಳಬಹುದು. ಸಿನಿಮಾ ಥಿಯೇಟರಿನವರೂ ಪಾಪ್‌ಕಾರ್ನ್ ಮೇಲೇ ಬದುಕುವುದು, ಅಲ್ವಾ?

ಇದು ಗೊತ್ತಿದ್ದರೆ ಬುತ್ತಿ ಜಗಳವೂ ಅರ್ಥವಾಗುತ್ತದೆ. ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇನಲ್ಲಿ ನಿಮ್ಮ ಊಟದ ಕೂಲರ್ ಒಳಗೆ ಒಯ್ಯಬಹುದು. ಅಲ್ಲಿ ಸುಮಾರು ಎರಡೂವರೆ ಲಕ್ಷ ಸೀಟಿದೆ, ಟಿವಿ ಹಣ ಇದೆ, ಅವರು ತಾಳಿಕೊಳ್ಳುತ್ತಾರೆ. ಸಣ್ಣ ಟ್ರ್ಯಾಕುಗಳಲ್ಲಿ ಅನೇಕರು ಬಿಡುವುದಿಲ್ಲ. ಒಂದು ಕಡೆ (ಹೆಸರು ಬೇಡ, ಗ್ರೋವ್ ಅಲ್ಲ) ಗೇಟಿನ ಹುಡುಗ ನನ್ನ ಚಿತ್ರಾನ್ನದ ಡಬ್ಬಿ ತೆರೆಸಿ, ಮೂಸಿ, ಕಾರಿಗೆ ವಾಪಸ್ ಕಳಿಸಿದ. ನನ್ನ ತಕರಾರು ನಿಯಮದ ಮೇಲಲ್ಲ. ಒಳಗೆ ಮಾಂಸ ತಿನ್ನದವರಿಗೆ ಫ್ರೈಸ್ ಮತ್ತು ಪ್ರೆಟ್ಜೆಲ್ ಬಿಟ್ಟರೆ ಏನೂ ಇರಲಿಲ್ಲ. ನನ್ನ ದುಡ್ಡು ಬೇಕು ಅಂತಾದರೆ ನಾನು ತಿನ್ನುವಂಥದ್ದು ಮಾರಿ, ಸ್ವಾಮಿ. ನಾಲ್ಕು ಜನರ ಸಂಸಾರ ಮೂರು ಗಂಟೆ ಕೂರುತ್ತದೆ, ಬರೀ ಆಲೂಗಡ್ಡೆ ಎಷ್ಟು ತಿನ್ನುವುದು?

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಜನ ರೇಸಿಗೆ ದುಡ್ಡು ಖರ್ಚು ಮಾಡುವುದನ್ನು ಬಿಟ್ಟಿದ್ದಾರೆ ಅನ್ನುವುದು ಸುಳ್ಳು. ಖರ್ಚು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಒಂದೇ ದಿನ ಮಾಡುತ್ತಾರೆ. ಗ್ರೋವ್‌ನಲ್ಲಿ ವರ್ಲ್ಡ್ ಆಫ್ ಔಟ್‌ಲಾಸ್ ಬಂದ ರಾತ್ರಿ ನೋಡಿ. ಇದು 1978ರಲ್ಲಿ ಶುರುವಾದ ಸಂಚಾರಿ ಸರಣಿ, ದೇಶದ ಒಳ್ಳೊಳ್ಳೆ ಡ್ರೈವರ್‌ಗಳು ಊರಿಂದೂರಿಗೆ ಬರುತ್ತಾರೆ. ಟಿಕೆಟ್ ಬೆಲೆ ಹೆಚ್ಚು, ಆದರೂ ಕಾಲಿಡಲು ಜಾಗ ಇರುವುದಿಲ್ಲ. ಇಲ್ಲಿನ ಲೋಕಲ್ ಡ್ರೈವರ್‌ಗಳಿಗೆ ಪಿಎ ಪಾಸಿ ಅಂತ ಹೆಸರು. ಹೊರಗಿನವರನ್ನು ಪಾಸಿಯವನು ಸೋಲಿಸಿದರೆ ಸ್ಟ್ಯಾಂಡಿನಲ್ಲಿ ಅಪರಿಚಿತರು ತಬ್ಬಿಕೊಳ್ಳುತ್ತಾರೆ. ಅದೇ ಪಾಸಿಯವನು ಮುಂದಿನ ಶುಕ್ರವಾರ ಅದೇ ಮಣ್ಣಿನಲ್ಲಿ ಅಷ್ಟೇ ವೇಗವಾಗಿ ಓಡಿಸುತ್ತಾನೆ. ಆಗ ಬೆಂಚಿನ ಮೇಲೆ ಕಾಲು ಚಾಚಿ ಮಲಗಬಹುದು.

"ಔಟ್‌ಲಾಸ್ ಬಂದಾಗ ಹೇಳಕ್ಕ, ಬರ್ತೀವಿ" ಅನ್ನುತ್ತಾಳೆ ನಮ್ಮ ಆಫೀಸಿನ ಹುಡುಗಿ. ಅವಳ ಲೆಕ್ಕ ಅವಳಿಗೆ ಸರಿ. ವರ್ಷಕ್ಕೊಂದು ಸಲ ನೋಡುವುದಾದರೆ ಒಳ್ಳೆಯದನ್ನೇ ನೋಡೋಣ ಅಂತ. ಆದರೆ ಎಲ್ಲರೂ ಹೀಗೇ ಲೆಕ್ಕ ಹಾಕಿದರೆ ಆ ಪಾಸಿ ತಯಾರಾಗುವುದು ಎಲ್ಲಿ? ಮಾಮೂಲಿ ಶುಕ್ರವಾರಗಳಿಲ್ಲದೆ ಔಟ್‌ಲಾಸ್ ಜೊತೆ ಗುದ್ದಾಡುವ ಲೋಕಲ್ ಹುಡುಗ ಹುಟ್ಟುವುದಿಲ್ಲ. ಅವನಿಲ್ಲದಿದ್ದರೆ ಔಟ್‌ಲಾಸ್ ರಾತ್ರಿಗೂ ಆ ರುಚಿ ಇರುವುದಿಲ್ಲ.

ದೊಡ್ಡವರ ಮನೆಯಲ್ಲೂ ಇದೇ ಕತೆ. ನಮ್ಮ ರಾಜ್ಯದಲ್ಲೇ ಇರುವ ಪೊಕೊನೊ ರೇಸ್‌ವೇ ನೋಡಿ. ಒಂದೇ ಕುಟುಂಬದ ಒಡೆತನದ ಟ್ರ್ಯಾಕು. ಅಮೆರಿಕದ ದೊಡ್ಡ ಕಾರ್ ರೇಸ್ ಸಂಸ್ಥೆ ನ್ಯಾಸ್‌ಕಾರ್, ಅದರ ಮುಖ್ಯ ಸರಣಿಯಾದ ಕಪ್‌ನ ರೇಸ್ ಅಲ್ಲಿ ವರ್ಷಕ್ಕೆರಡು ಸಲ ನಡೆಯುತ್ತಿತ್ತು. 2022ರಿಂದ ಒಂದೇ ಆಯಿತು. ಒಂದಾದ ಮೇಲೆ 2023ರಲ್ಲಿ ಸ್ಟ್ಯಾಂಡಿನ ಟಿಕೆಟ್ಟುಗಳೆಲ್ಲ ಮಾರಾಟವಾದವು. ಡೆಲವೇರ್‌ನ ಡೋವರ್‌ನಲ್ಲೂ ಎರಡಿದ್ದದ್ದು 2021ರಲ್ಲಿ ಒಂದಾಯಿತು, ಇನ್ನೊಂದು ನ್ಯಾಶ್‌ವಿಲ್ ಕಡೆ ಹೋಯಿತು. ಟ್ರ್ಯಾಕಿನ ಮಾಲೀಕರ ಕಣ್ಣಿಂದ ನೋಡಿದರೆ ತುಂಬಿದ ಒಂದು ದಿನ ಅರ್ಧ ಖಾಲಿ ಎರಡು ದಿನಕ್ಕಿಂತ ಮೇಲು. ಅಭಿಮಾನಿಯ ಕಣ್ಣಿಂದ ನೋಡಿದರೆ ಮನೆ ಹತ್ತಿರದ ಒಂದು ರೇಸ್ ಹೋಯಿತು. ಇಬ್ಬರೂ ಸರಿ.

ಆದರೆ ದೊಡ್ಡವರಿಗೆ ಇನ್ನೊಂದು ಊರುಗೋಲಿದೆ. ಟಿವಿ. ನ್ಯಾಸ್‌ಕಾರ್‌ನ ಈಗಿನ ಪ್ರಸಾರದ ಒಪ್ಪಂದ 2025ರಿಂದ 2031ರವರೆಗೆ, ಏಳು ವರ್ಷಕ್ಕೆ 7.7 ಬಿಲಿಯನ್ ಡಾಲರ್. ಮೊದಲಿದ್ದ ಹಂಚಿಕೆಯಲ್ಲಿ ಟಿವಿ ಹಣದ ನೂರಕ್ಕೆ 65 ಪಾಲು ಟ್ರ್ಯಾಕುಗಳಿಗೇ ಹೋಗುತ್ತಿತ್ತು. ಸ್ಟ್ಯಾಂಡ್ ಖಾಲಿ ಹೊಡೆದರೂ ಮಾಲೀಕರು ನಿದ್ದೆ ಮಾಡಬಹುದಿತ್ತು. ಟೆನೆಸ್ಸಿಯ ಬ್ರಿಸ್ಟಲ್‌ನಲ್ಲಿ 1982ರಿಂದ 2009ರವರೆಗೆ ಸತತವಾಗಿ 55 ಕಪ್ ರೇಸುಗಳ ಟಿಕೆಟ್ ಪೂರ್ತಿ ಮಾರಾಟವಾಗಿತ್ತು. ಒಂದೂವರೆ ಲಕ್ಷಕ್ಕೂ ಜಾಸ್ತಿ ಸೀಟು! ಆರ್ಥಿಕ ಕುಸಿತ ಬಂತು, ಹೋಟೆಲಿನವರು ರೇಸಿನ ವಾರ ರೇಟು ಏರಿಸಿದರು, ಮನೆಯ ಟಿವಿ ದೊಡ್ಡದಾಯಿತು, ಸಾಲು ಮುರಿಯಿತು. ಬ್ರಿಸ್ಟಲ್ ಮುಚ್ಚಲಿಲ್ಲ. ವಿಲಿಯಮ್ಸ್ ಗ್ರೋವ್‌ನಂಥ ಕಡೆ ಅಂಥ ಸಾಲು ಮುರಿದರೆ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ.

ಹಳೆಯ ಟ್ರ್ಯಾಕುಗಳ ಮೇಲಿನ ಪ್ರೀತಿಯ ಬಗ್ಗೆಯೂ ಒಂದು ಮಾತು. ನಾರ್ತ್ ಕ್ಯಾರೊಲಿನಾದ ನಾರ್ತ್ ವಿಲ್ಕ್ಸ್‌ಬರೊ ಅಂದರೆ ಹಳಬರು ಕಣ್ಣೀರು ಹಾಕುತ್ತಾರೆ. 1996ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕಪ್ ರೇಸ್ ನಿಂತಿತು. ಟ್ರ್ಯಾಕನ್ನು ಇಬ್ಬರು ಕೊಂಡು, ಇದ್ದ ಎರಡು ರೇಸ್ ದಿನಾಂಕಗಳನ್ನು ಒಂದು ಟೆಕ್ಸಸ್‌ಗೆ, ಒಂದು ನ್ಯೂ ಹ್ಯಾಂಪ್‌ಶೈರ್‌ಗೆ ಒಯ್ದರು. ಆಮೇಲೆ ಕಳೆ ಬೆಳೆಯಿತು. 2019ರಲ್ಲಿ ನ್ಯಾಸ್‌ಕಾರ್‌ನ ಹೆಸರಾಂತ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕೆಲವರನ್ನು ಕಟ್ಟಿಕೊಂಡು ಹೋಗಿ ಕಳೆ ಕಿತ್ತರು. ಯಾಕೆ? ಕಂಪ್ಯೂಟರ್ ಆಟದಲ್ಲಾದರೂ ಆ ಟ್ರ್ಯಾಕು ಉಳಿಯಲಿ, ಅದಕ್ಕಾಗಿ ಸ್ಕ್ಯಾನ್ ಮಾಡಿಸಬೇಕು ಅಂತ. ಕೊನೆಗೆ ಕೋವಿಡ್ ಪರಿಹಾರದ ಸರ್ಕಾರಿ ದುಡ್ಡು 18 ಮಿಲಿಯನ್ ಡಾಲರ್ ಬಂದು, 2023ರಲ್ಲಿ ಆಲ್‌ಸ್ಟಾರ್ ರೇಸ್ ನಡೆಯಿತು. ಖುಷಿಯ ವಿಷಯವೇ. ಆದರೆ ಅಷ್ಟು ಪ್ರೀತಿಸುವ ಟ್ರ್ಯಾಕನ್ನು ಎಬ್ಬಿಸಲು ಟಿಕೆಟ್ ಹಣ ಸಾಲಲಿಲ್ಲ, ಸರ್ಕಾರದ ಹಣ ಬೇಕಾಯಿತು ಅನ್ನುವುದೂ ನಿಜ.

ಮನೆಯಲ್ಲಿ ಕೂತು ನೋಡುವ ಸ್ಟ್ರೀಮಿಂಗ್ ಬಗ್ಗೆ ಹೇಳದಿದ್ದರೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಔಟ್‌ಲಾಸ್ ರೇಸುಗಳು ಡರ್ಟ್‌ವಿಷನ್‌ನಲ್ಲಿ. ಡ್ರೈವರ್ ಕೈಲ್ ಲಾರ್ಸನ್ ಮತ್ತು ಅವರ ಭಾವಮೈದುನ, ಇನ್ನೊಬ್ಬ ಡ್ರೈವರ್ ಬ್ರ್ಯಾಡ್ ಸ್ವೀಟ್ ಕಟ್ಟಿದ ಹೈ ಲಿಮಿಟ್ ಸರಣಿ ಫ್ಲೋರೇಸಿಂಗ್‌ನಲ್ಲಿ. ಎರಡೂ ಬೇಕೆಂದರೆ ಎರಡು ಚಂದಾ. ನಾನು ಕಟ್ಟುವ ಒಂದು ಸೇವೆ (ಯಾವುದು ಅಂತ ಕೇಳಬೇಡಿ) ಕೊನೆಯ ಮೂರು ಸುತ್ತು ಇರುವಾಗಲೇ ಚಕ್ರ ತಿರುಗಿಸುತ್ತಾ ನಿಲ್ಲುವ ಕಲೆಯನ್ನು ಚೆನ್ನಾಗಿ ಕಲಿತಿದೆ. ಹಣ ವಾಪಸ್ ಕೇಳಿದರೆ "ನಿಮ್ಮ ಇಂಟರ್ನೆಟ್ ಪರೀಕ್ಷಿಸಿ" ಅಂತ ಉತ್ತರ.

ಸ್ಟ್ರೀಮಿಂಗ್‌ನಿಂದಲೇ ಎಲ್ಲಾ ಹಾಳಾಯಿತು ಅನ್ನುವವರ ಜೊತೆ ನಾನು ಸೇರುವುದಿಲ್ಲ. 2020ರ ಮೇ ತಿಂಗಳಲ್ಲಿ ದೇಶವೇ ಬಾಗಿಲು ಹಾಕಿದ್ದಾಗ ಅಯೋವಾದ ನಾಕ್ಸ್‌ವಿಲ್‌ನಲ್ಲಿ ಔಟ್‌ಲಾಸ್ ಪ್ರೇಕ್ಷಕರಿಲ್ಲದೆ ಓಡಿತು. ಅದು ಸಾಧ್ಯವಾದದ್ದು ಮನೆಯಲ್ಲಿ ಕೂತವರು ಕೊಟ್ಟ ಹಣದಿಂದ. ಎರಡು ಸರಣಿಗಳ ಪೈಪೋಟಿಯಿಂದ ಡ್ರೈವರ್‌ಗಳಿಗೆ ಸಿಗುವ ಹಣವೂ ಏರಿದೆ. ಅಷ್ಟು ಒಳ್ಳೆಯದು. ಕೆಟ್ಟದ್ದು ಏನೆಂದರೆ ಶುಕ್ರವಾರ ಸಂಜೆ ಸೋಫಾ ಮೇಲೆ ಕೂತು ದೇಶದ ಯಾವುದೋ ಮೂಲೆಯ ಇನ್ನೂ ದೊಡ್ಡ ರೇಸ್ ನೋಡಬಹುದು. ಆಗ ಹದಿನೈದು ನಿಮಿಷ ದೂರದ ಟ್ರ್ಯಾಕಿಗೆ ಯಾರು ಹೋಗುತ್ತಾರೆ? ಸೋಫಾದವರು ಫ್ರೈಸ್ ಕೊಳ್ಳುವುದಿಲ್ಲ. ಫಿಫ್ಟಿ-ಫಿಫ್ಟಿ ಚೀಟಿ (ಕೂಡಿದ ಹಣದಲ್ಲಿ ಅರ್ಧ ಗೆದ್ದವರಿಗೆ ಹೋಗುವ ಲಾಟರಿ) ಕೊಳ್ಳುವುದಿಲ್ಲ. ಪಕ್ಕದ ಮನೆಯ ಹುಡುಗನನ್ನು ಜೊತೆಗೆ ಕರೆತರುವುದೂ ಇಲ್ಲ. ನನಗಂತೂ ಈ ಮೂರನೆಯದ್ದೇ ದೊಡ್ಡ ನಷ್ಟವಾಗಿ ಕಾಣುತ್ತದೆ. ಸ್ಟ್ಯಾಂಡಿನಲ್ಲಿ ಕೂತವರ ನರೆತ ತಲೆಗೂದಲು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಟಿ-ಶರ್ಟ್ ಟ್ರೇಲರಿನ ವಿಷಯಕ್ಕೆ ಬರೋಣ, ಇದು ನನಗೆ ಬಹಳ ಇಷ್ಟವಾದ ಜಾಗ. ಸ್ಪ್ರಿಂಟ್ ಕಾರ್ ಲೋಕದಲ್ಲಿ ಒಬ್ಬೊಬ್ಬ ಡ್ರೈವರ್‌ಗೂ ಒಂದೊಂದು ಪುಟ್ಟ ಗಾಡಿ ಅಂಗಡಿ. ಬಾಗಿಲು ಮೇಲೆತ್ತಿದರೆ ಅದೇ ಚಪ್ಪರ. ಶರ್ಟ್ ಒಂದಕ್ಕೆ 25, 30 ಡಾಲರ್. ನಾನು ಕೊಂಡ ಗಾಡಿಯಲ್ಲಿ ಡ್ರೈವರಿನ ತಾಯಿಯೇ ವ್ಯಾಪಾರಕ್ಕೆ ನಿಂತಿದ್ದರು. ಸೊಂಟಕ್ಕೆ ಬಡಗಿಗಳು ಮೊಳೆ ಹಾಕಿಕೊಳ್ಳುವಂಥ ಏಪ್ರನ್. ಒಂದು ಜೇಬಲ್ಲಿ ಇಪ್ಪತ್ತರ ನೋಟು, ಇನ್ನೊಂದರಲ್ಲಿ ಐದು, ಒಂದರ ಚಿಲ್ಲರೆ. ನನ್ನ ಮಗನ ಭುಜಕ್ಕೆ ಶರ್ಟ್ ಹಿಡಿದು ನೋಡಿ, "ಒಂದು ಸೈಜ್ ದೊಡ್ಡದೇ ತಗೊಳ್ಳಿ, ಹುಡುಗರು ಬೇಗ ಬೆಳೀತಾರೆ" ಅಂದರು. ನಮ್ಮಮ್ಮ ಜವಳಿ ಅಂಗಡಿಯಲ್ಲಿ ಹೇಳುತ್ತಿದ್ದದ್ದೂ ಇದೇ ಮಾತು. ಇವತ್ತಿನ ವ್ಯಾಪಾರ ಹೇಗೆ ಅಂತ ಕೇಳಿದೆ. "ಒಂದು ಬಲ ಹಿಂದಿನ ಟೈರ್ ಆಗುವಷ್ಟು ಆಗಿದೆ" ಅಂದರು. ಅವರ ಮನೆಯಲ್ಲಿ ಲೆಕ್ಕ ಟೈರಿನಲ್ಲೇ ನಡೆಯುತ್ತದೆ. ಎಡಕ್ಕೇ ತಿರುಗುವ ರೇಸಿನಲ್ಲಿ ಬಲ ಹಿಂದಿನ ಟೈರ್ ಬೇಗ ಸವೆಯುತ್ತದೆ, ಅದೇ ಜಾಸ್ತಿ ದುಬಾರಿ. ಎಂಜಿನ್ ಒಂದಕ್ಕೇ 60 ಸಾವಿರ ಡಾಲರ್ ದಾಟುವ ಆಟದಲ್ಲಿ ನನ್ನ 30 ಡಾಲರ್ ಯಾವ ಮೂಲೆಗೆ? ಆದರೂ ಅದು ನೇರವಾಗಿ ಆ ಏಪ್ರನ್ ಜೇಬಿಗೆ ಹೋಯಿತು. ಮಧ್ಯೆ ಕಂಪನಿ ಇಲ್ಲ, ಕಮಿಷನ್ ಇಲ್ಲ.

ನ್ಯಾಸ್‌ಕಾರ್‌ನಲ್ಲಿ ಇದನ್ನು ಕೆಡಿಸಿದ್ದೂ ಆಯಿತು. 2015ರಲ್ಲಿ ಡ್ರೈವರ್‌ಗಳ ಟ್ರೇಲರ್‌ಗಳನ್ನೆಲ್ಲ ತೆಗೆದು, ಫ್ಯಾನಟಿಕ್ಸ್ ಕಂಪನಿಯ ಒಂದೇ ದೊಡ್ಡ ಟೆಂಟಿನಲ್ಲಿ ಎಲ್ಲರ ಸರಕು ಇಟ್ಟರು. ಜನಕ್ಕೆ ಹಿಡಿಸಲಿಲ್ಲ. ತಮ್ಮ ಡ್ರೈವರಿನ ಗಾಡಿ ಹುಡುಕಿಕೊಂಡು ಹೋಗುವುದೇ ಅವರಿಗೆ ಹಬ್ಬ. ಸ್ವಲ್ಪ ಕಾಲದಲ್ಲೇ ಟ್ರೇಲರ್‌ಗಳು ವಾಪಸ್ ಬಂದವು.

ಇನ್ನು ಕಾರಿನ ರೆಕ್ಕೆ ಮೇಲೆ ಬರೆದ ಹೆಸರುಗಳು. ದೊಡ್ಡ ರೇಸಿನಲ್ಲಿ ವಿನ್‌ಸ್ಟನ್ ಸಿಗರೇಟಿನವರು 1971ರಿಂದ 2003ರವರೆಗೆ ಇಡೀ ಸರಣಿಗೇ ಹೆಸರು ಕೊಟ್ಟಿದ್ದರು. ನ್ಯಾಸ್‌ಕಾರ್ ಅಭಿಮಾನಿಗಳು ತಮ್ಮ ಡ್ರೈವರಿನ ಸ್ಪಾನ್ಸರ್ ಸೋಪನ್ನೇ ಕೊಳ್ಳುತ್ತಾರೆ ಅನ್ನುವ ನಂಬಿಕೆಯ ಮೇಲೆ ಆ ಲೋಕ ನಿಂತಿತ್ತು. ಗ್ರೋವ್‌ನಂಥ ಮಣ್ಣಿನ ಟ್ರ್ಯಾಕಿನಲ್ಲಿ ರೆಕ್ಕೆ ಮೇಲೆ ಇರುವುದು ಯಾರು? ಪಾಯ ತೋಡುವ ಕಂಟ್ರಾಕ್ಟರ್, ಲಾರಿ ಸಾಗಣೆಯವರು, ಕೊಳಾಯಿ ರಿಪೇರಿಯವರು. ನಮ್ಮ ಮನೆ ಚಾವಣಿ ಸೋರಿದಾಗ ನಾನು ಫೋನ್ ಮಾಡಿದ್ದು ರೆಕ್ಕೆ ಮೇಲೆ ನೋಡಿದ ನಂಬರಿಗೆ. ನಿಮ್ಮ ಹೆಸರು ಕಾರಿನ ಮೇಲೆ ನೋಡಿದೆ ಅಂದಾಗ ಆತ ಒಂದು ಕ್ಷಣ ಮಾತೇ ಆಡಲಿಲ್ಲ. ಆಮೇಲೆ, "ಇದನ್ನ ನನ್ನ ಹೆಂಡತಿಗೆ ಒಂದು ಸಲ ಹೇಳಿ" ಅಂದ. ಪ್ರತಿ ವರ್ಷ ಆ ದುಡ್ಡು ದಂಡ ಅಂತ ಮನೆಯಲ್ಲಿ ಜಗಳ ಆಗುತ್ತಿತ್ತಂತೆ. ಡಿಸ್ಕೌಂಟೇನೂ ಕೊಡಲಿಲ್ಲ, ಅದು ಬೇರೆ ವಿಷಯ. ಟಿಕೆಟ್ಟಿಗಿಂತಲೂ ಇಂಥ ಒಂದು ಫೋನ್ ಕಾರಿನವನಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅಭಿಮಾನಿಗಳೇ ಕೈಯಿಂದ ಹಾಕುವುದೂ ಉಂಟು. ಗ್ರೋವ್‌ನಲ್ಲಿ ಬಿಯರ್ ಹಿಲ್ ಅಂತ ಒಂದು ದಿಬ್ಬ ಇದೆ. ಅಲ್ಲಿ ಕೂರುವವರ ಬಿಯರ್ ಹಿಲ್ ಗ್ಯಾಂಗ್ ದೊಡ್ಡ ರೇಸುಗಳಲ್ಲಿ ತಮ್ಮ ಕಡೆಯಿಂದ ಬೋನಸ್ ಹಣ ಇಡುತ್ತದೆ. ಕೆಲವು ರೇಸುಗಳಲ್ಲಿ ಲ್ಯಾಪ್ ಸ್ಪಾನ್ಸರ್ ಮಾಡಬಹುದು. ನೀವು ಒಂದಿಷ್ಟು ದುಡ್ಡು ಕೊಟ್ಟರೆ ಇಂತಿಂಥ ಸುತ್ತಿನಲ್ಲಿ ಮುಂದಿದ್ದವನಿಗೆ ಅದು ಸೇರುತ್ತದೆ, ಮೈಕಿನಲ್ಲಿ ನಿಮ್ಮ ಹೆಸರೂ ಬರುತ್ತದೆ. ದೇವಸ್ಥಾನದಲ್ಲಿ ಸೇವೆ ಬರೆಸುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಟ್ರ್ಯಾಕುಗಳು ಉಳಿಯುವುದಿಲ್ಲ. ಅದಕ್ಕೆ ಕಾರಣ ಜಾಗದ ಬೆಲೆ. ಊರಾಚೆ ಕಟ್ಟಿದ ಟ್ರ್ಯಾಕಿನ ಸುತ್ತ ಊರು ಬೆಳೆಯುತ್ತದೆ. ಹೊಸದಾಗಿ ಮನೆ ಕೊಂಡವರು ಸದ್ದು ಅಂತ ದೂರು ಕೊಡುತ್ತಾರೆ, ಬಿಲ್ಡರ್ ಚೆಕ್ ಹಿಡಿದು ಬರುತ್ತಾನೆ. ಲಾಸ್ ಏಂಜಲೀಸ್ ಕಡೆಯ ಆಸ್ಕಾಟ್ ಪಾರ್ಕ್ 1990ರಲ್ಲಿ ಹೋಯಿತು. ಅದೇ ಕಡೆಯ ಇರ್ವಿಂಡೇಲ್ 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ನಮ್ಮ ಪೆನ್ಸಿಲ್ವೇನಿಯಾದ ರೆಡಿಂಗ್ ಫೇರ್‌ಗ್ರೌಂಡ್ಸ್ ಟ್ರ್ಯಾಕನ್ನು 1979ರಲ್ಲಿ ಮುಚ್ಚಿ ಮಾಲ್ ಕಟ್ಟಿದರು. ಜನ ಆನ್‌ಲೈನಿನಲ್ಲಿ ಕೊಳ್ಳಲು ಶುರು ಮಾಡಿದ ಮೇಲೆ ಈಗ ಆ ಮಾಲೂ ಇಲ್ಲ. ನೆಮ್ಮದಿಯಾಗಿರುವುದು ಜಾತ್ರೆ ಸಮಿತಿಗಳ ಕೈಯಲ್ಲಿರುವ ಟ್ರ್ಯಾಕುಗಳು. ನಮಗೆ ಹತ್ತಿರದ ಪೋರ್ಟ್ ರಾಯಲ್ ಜೂನಿಯಾಟಾ ಕೌಂಟಿ ಜಾತ್ರೆಯ ಮೈದಾನದಲ್ಲಿದೆ. ಅಯೋವಾದ ನಾಕ್ಸ್‌ವಿಲ್ ಕೂಡ ಅಲ್ಲಿನ ಕೌಂಟಿ ಜಾತ್ರೆಯವರದ್ದೇ. 1961ರಿಂದ ನಡೆಯುವ ನಾಕ್ಸ್‌ವಿಲ್ ನ್ಯಾಷನಲ್ಸ್‌ಗೆ ಆ ಪುಟ್ಟ ಊರಿನ ತುಂಬಾ ಜನ. ಮಾರಿ ಲಾಭ ಮಾಡಿಕೊಳ್ಳುವ ಮಾಲೀಕ ಇಲ್ಲದಿದ್ದರೆ ಫ್ರೈಸ್ ಹಣವೇ ಸಾಕಾಗುತ್ತದೆ ಅಂತ ಕಾಣುತ್ತೆ.

ಹೋಗುವವರಿಗೆ ಕೆಲವು ಮಾತು. ಪೋರ್ಟ್ ರಾಯಲ್ ಮತ್ತು ಲಿಂಕನ್ ಸ್ಪೀಡ್‌ವೇ ಶನಿವಾರ, ಗ್ರೋವ್ ಶುಕ್ರವಾರ. ಬೆಂಚುಗಳಿಗೆ ಒರಗು ಇಲ್ಲ, ಕೂರಲು ಒಂದು ಮೆತ್ತೆ ಒಯ್ಯಿರಿ. ಬಿಳಿ ಬಟ್ಟೆ ಬೇಡ. ರೇಸ್ ಮುಗಿದ ಮೇಲೆ ಪಿಟ್ ಕಡೆ ಬಿಟ್ಟರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮುಖ ತುಂಬಾ ಮಣ್ಣು ಮೆತ್ತಿಕೊಂಡ ಡ್ರೈವರ್ ನಿಂತು ಸಹಿ ಹಾಕಿ ಕೊಡುತ್ತಾನೆ, ಫಾರ್ಮುಲಾ ಒನ್‌ನವರು ಆ ಹತ್ತಿರಕ್ಕೆ ಬಿಡುವುದಕ್ಕೆ ಸಾವಿರಾರು ಡಾಲರ್ ಕೇಳುತ್ತಾರೆ. ಜೇಬಿನಲ್ಲಿ ನಗದು ಇಟ್ಟುಕೊಳ್ಳಿ, ಟ್ರೇಲರಿನ ತಾಯಂದಿರು ಕಾರ್ಡ್ ಮೆಷಿನ್ ನೋಡಿದರೆ ಮುಖ ಗಂಟಿಕ್ಕುತ್ತಾರೆ. ಏಪ್ರಿಲ್, ಮೇನಲ್ಲಿ ಮಳೆ ಬಂದು ರೇಸ್ ರದ್ದಾಗುವುದು ಮಾಮೂಲಿ. ಮನೆ ಬಿಡುವ ಮೊದಲು ಅವರ ಪುಟ ನೋಡಿ, ಅರ್ಧಕ್ಕೆ ನಿಂತರೆ ಟಿಕೆಟ್ ತುಂಡನ್ನು ಬಿಸಾಡಬೇಡಿ. ರೇನ್ ಚೆಕ್, ಅಂದರೆ ಅದೇ ಟಿಕೆಟ್ಟಿಗೆ ಇನ್ನೊಂದು ದಿನ ಬರುವ ಅವಕಾಶ, ಕೊಟ್ಟರೆ ಆ ತುಂಡು ಬೇಕಾಗುತ್ತದೆ.